ಓಗೊಡುವ ದೂರ

ಹೊರ್ತಾ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎರಡು ಕಪಾಟು, ನಾನೂರ ಎಂಬತ್ತು ಡಿಸ್ಕು,
ಹಗಲು ರಾತ್ರಿ ಒಂದೇ ಸಮ ಬೀಸುವ ತಣ್ಣನೆ ಗಾಳಿ.
ಮತ್ತೆ ನಾನು, ಎದುಯೀನು,
ಮೊಣಕೈ ತೂತಾದ ಸ್ವೆಟರಿನೊಳಗೆ.

ಲಿಸ್ಬನ್ನಿನಿಂದ ಬಂದ ಮಾರಾಟಗಾರ
ಬಣ್ಣಬಣ್ಣದ ಬಾಣಗಳ ಚಿತ್ರ ಬಿಟ್ಟು ಹೋಗಿದ್ದಾನೆ.
ಶುಕ್ರವಾರದೊಳಗೆ ಹೇಳಬೇಕು:
ಇಲ್ಲಿ ಬರೆದದ್ದರ ನಕಲು ಯಾವ ದ್ವೀಪಕ್ಕೆ,
ಯಾವ ಕರಾರಿನ ಮೇಲೆ.

ಒಂದು ಕರಾರು ಹೀಗೆ:
ಇಲ್ಲಿ ಅಕ್ಷರ ಬಿದ್ದರೆ ಅಲ್ಲಿಯೂ ಬೀಳಬೇಕು,
ಅಲ್ಲಿಂದ ಹೂಂ ಬರಬೇಕು,
ಬರುವ ತನಕ ಬರೆಯುವ ಕೈ ಎತ್ತಿದಲ್ಲೇ.
ಹೂಂಗುಟ್ಟದಿದ್ದರೆ ಕತೆ ಮುಂದುವರಿಸದ
ನಮ್ಮಜ್ಜಿಯ ಹಟ ಅದು.

ಅಜ್ಜಿ ಇರ್ಮೆಲಿಂಡ ಎದುರಿನ ಪೀಕೊ ದ್ವೀಪದವಳು.
ಅವಳ ಊರಿಗೆ ವೈದ್ಯರಿರಲಿಲ್ಲ.
ಹೆರಿಗೆ ಕಷ್ಟವಾದರೆ ಕಪ್ಪು ಬಂಡೆಯ ಮೇಲೆ ಬೆಂಕಿ ಹಾಕುವರು.
ಎಂಟು ಕಿಲೋಮೀಟರ್ ನೀರಿನಾಚೆ, ಈ ದಡದಲ್ಲಿ,
ಯಾರೋ ಲಾಟೀನು ಎತ್ತಿ ಮೂರು ಸಲ ಆಡಿಸಬೇಕು.
ಆಮೇಲೆಯೇ ಹೆಂಗಸರು ಬಂಡೆ ಇಳಿಯುವುದು.
ಲಾಟೀನು ಕಾಣದ ರಾತ್ರಿ ಸೌದೆ ಒಟ್ಟುತ್ತಲೇ ಇರುವರು.
ಅಂಥದೊಂದು ರಾತ್ರಿ ತಾನು ಹುಟ್ಟಿದೆ ಎನ್ನುತ್ತಿದ್ದಳು,
ಹೊಗೆ ಕುಡಿದೇ ಹುಟ್ಟಿದವಳ ಹಾಗೆ ಕೆಮ್ಮುತ್ತ.

ಪೀಕೊಗೆ ಕಳಿಸಿದರೆ ಓಗೊಡುವುದು ಸುಲಭ.
ಕಣ್ಣೆವೆ ಮುಚ್ಚುವುದರೊಳಗೆ ಬೆಳಕು ಸಾವಿರ ಸಲ ಹೋಗಿ ಬಂದೀತು.
ಆದರೆ ನೆಲ ನಡುಗಿದಾಗ
ಎರಡೂ ದಡದ ಹೆಂಚು ಒಟ್ಟಿಗೇ ಉದುರುತ್ತವೆ.
ಒಂದೇ ಜೇಬಿನಲ್ಲಿ ಎರಡು ಬೀಗದಕೈ ಇಟ್ಟುಕೊಂಡು
ಎರಡಿವೆ ಎಂದು ಬೀಗುವುದು.

ಸಾವ್ ಮಿಗೆಲ್ ದೂರ. ಇನ್ನೂರ ಎಪ್ಪತ್ತು ಕಿಲೋಮೀಟರ್,
ಕಡಲ ತಳದ ಗಾಜಿನ ಎಳೆಯಲ್ಲಿ.
ಬೆಳಕಿಗೂ ದಾರಿಖರ್ಚು ಉಂಟು:
ಹೋಗಿ ಬರಲು ಮೂರು ಮಿಲಿಸೆಕೆಂಡು.
ಮೂರೇ ಅಲ್ಲವೆ ಅನ್ನಬೇಡಿ.
ಒಂದು ಸ್ಕ್ಯಾನಿನಲ್ಲಿ ಹತ್ತು ಸಾವಿರ ಬರಹ,
ಒಂದರ ಹಿಂದೊಂದು, ಒಂದೊಂದೂ ಹೊಸ್ತಿಲಲ್ಲಿ ನಿಂತರೆ
ಅರ್ಧ ನಿಮಿಷ ಪರದೆ ಬಿಳಿ, ವೈದ್ಯರ ಮುಖ ಕೆಂಪು.

ದಾರಿಯ ಮಾತೂ ಇದೆ.
ಫೈಬರ್ ಚಾನೆಲ್ ನಮ್ಮ ಬಂದರಿನ ಬೆಲ್ಮೀರು:
ಆಚೆ ಎಷ್ಟು ಬುಟ್ಟಿ ಖಾಲಿ ಎಂದು ಕೇಳಿಯೇ ಮೀನು ಎಸೆಯುವವ,
ಒಂದೂ ನೆಲಕ್ಕೆ ಬೀಳಬಾರದು.
ಐಪಿ ಅವನ ತಮ್ಮ. ಎಸೆಯುತ್ತಾನೆ, ಬಿದ್ದರೆ ಮತ್ತೆ ಎಸೆಯುತ್ತಾನೆ,
ಬೈಗುಳ ಅವನಿಗೆ ತಾಗುವುದಿಲ್ಲ.
ದೂರದ ಕಡಲಿಗೆ ತಮ್ಮನೇ ವಾಸಿ.

ಇನ್ನೊಂದು ಕರಾರು:
ಇಲ್ಲೇ ಆಯಿತು ಎಂದುಬಿಡುವುದು.
ನಕಲು ಹಿಂದಿನಿಂದ, ದಿನಸಿ ಹಡಗಿನ ಹಾಗೆ,
ಸುಮಾರು ನಾಲ್ಕು ಸೆಕೆಂಡು ತಡವಾಗಿ.
ಆ ಹೊತ್ತಿಗೆ ನಾವು ಮುಳುಗಿದೆವೋ
ಆ ನಾಲ್ಕು ಸೆಕೆಂಡು ಯಾರ ಹತ್ತಿರವೂ ಇಲ್ಲ.

ನಾಲ್ಕು ಸೆಕೆಂಡಿನಲ್ಲಿ ಏನಿರುತ್ತದೆ?
ಕೇಳಲು ಮೆಟ್ಟಿಲು ಹತ್ತಿದೆ.
ಹೆರಿಗೆ ವಾರ್ಡಿನ ದೆಯೊಲಿಂದ ಕಿತ್ತಳೆ ಸುಲಿಯುತ್ತಿದ್ದಳು.
ಬಾಣಗಳ ಚಿತ್ರ ನೋಡಲಿಲ್ಲ, ಒಂದು ತೊಳೆ ಕೊಟ್ಟಳು.

"ಈಗಷ್ಟೇ ಬರೆದದ್ದು ನನ್ನ ನಾಲಗೆಯ ಮೇಲೇ ಇರುತ್ತದೆ.
ಹೋದರೆ ಮತ್ತೆ ಬರೆದೇನು.
ಆದರೆ ರಕ್ತದ ಗುಂಪು ಹೋಗಿ
ಬಾಟಲಿ ಏರಿಸಿದ್ದು ಮಾತ್ರ ಉಳಿದ ಪುಟವನ್ನು
ನನ್ನೆದುರು ತೆರೆಯಬೇಡ.
ಬಾಲ ಹೋದರೆ ಹಲ್ಲಿ ಬದುಕುತ್ತದೆ, ಎದುಯೀನು.
ನಡು ಹೋದರೆ?"

ಅರ್ಜಿಯಲ್ಲಿ ಬರೆದೆ:
ಸಾವ್ ಮಿಗೆಲ್. ಐಪಿ. ಕಾಯುವುದು ಬೇಡ.
ಕೆಳಗೆ, ಪೆನ್ನು ಒತ್ತಿ:
ಬರೆದ ಕ್ರಮದಲ್ಲೇ ತಲುಪತಕ್ಕದ್ದು.

ಈಗ ರಾತ್ರಿ ಪಾಳಿಯಲ್ಲಿ ಆ ಅಂಕೆ ನೋಡುತ್ತ ಕೂರುತ್ತೇನೆ.
ನಾಲ್ಕು. ನಾಲ್ಕು. ಐದು. ಮೂರು.
ಮೊನ್ನೆ ಬಿರುಗಾಳಿಯಲ್ಲಿ ನಲವತ್ತೊಂದಕ್ಕೆ ಏರಿತು.
ಮೇಲೆ ಒಂದು ಕೂಸು ಅತ್ತಿತು.
ದೆಯೊಲಿಂದಳ ನಾಲಗೆ ನಲವತ್ತೊಂದು ಸೆಕೆಂಡು ತಾಳುವುದೇ,
ಅದನ್ನು ನಾನು ಕೇಳಿರಲಿಲ್ಲ.

ಲಾಟೀನು ಕಾಣದೆ ಬಂಡೆ ಇಳಿದೆಯೇನೋ? ಅಜ್ಜಿಯ ದನಿ.
ಇಳಿದೆ, ಅಜ್ಜಿ.
ಕೈಯಲ್ಲಿನ್ನೂ ಸೌದೆ ಇದೆ.